ಗನ್ ಮಾಮ ಮತ್ತು ಕಡ ತಂದ ಬೊಂಬೆಗಳು

ಇಂಗ್ಲೆಂಡಿನ ಹೆಡಿಂಗ್ಲೀಯಲ್ಲಿ, ನಮ್ಮ ಪಕ್ಕದ ಮನೆಯವರಾಗಿದ್ದ ರಾಯರ ತಂಗಿಯ ಮಗಳ ಮನೆ. ವೈಕುಂಠ ಸಮಾರಾಧನೆಯ ಊಟ ಮುಗಿದ ಮೇಲೆ ಬಂದವರೆಲ್ಲ ಹಾಲಿನಲ್ಲಿ ಕೂತು ಒಬ್ಬೊಬ್ಬರಾಗಿ ರಾಯರ ಬಗ್ಗೆ ನಾಲ್ಕು ಮಾತಾಡಿದರು. ಅವರ ಜೊತೆ ಕೆಲಸ ಮಾಡಿದ್ದ ಇಂಗ್ಲಿಷಿನವರೊಬ್ಬರು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, "ಅವರಷ್ಟು ಧೈರ್ಯವಂತರನ್ನು ನಾನು ಕಂಡಿಲ್ಲ" ಎಂದರು. ನಾನು ಆಗಷ್ಟೇ ಎರಡನೇ ಸಲ ಬಟ್ಟಲಿಗೆ ಹಾಕಿಸಿಕೊಂಡು ತಂದಿದ್ದ ಹಯಗ್ರೀವವನ್ನು ಬಾಯಿಗಿಟ್ಟುಕೊಂಡಿದ್ದೆ. ಫಕ್ಕನೆ ನಗು ಬಂದು ಅದು ಗಂಟಲಲ್ಲಿ ಸಿಕ್ಕಿಕೊಂಡಿತು. ಪಕ್ಕದಲ್ಲಿದ್ದ ನನ್ನ ಗಂಡ ನಾನು ಅಳುತ್ತಿದ್ದೇನೆಂದು ತಿಳಿದು ಬೆನ್ನು ಸವರಿದ.

ಧೈರ್ಯವಂತರಂತೆ! ಸುರ್‌ಸುರ್ ಬತ್ತಿ ಹಚ್ಚಿದರೆ ಎದ್ದು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ ಮನುಷ್ಯ. ಬಾನ್‌ಫೈರ್ ನೈಟ್, ಅಂದರೆ ನವೆಂಬರ್ ಐದರ ಇಲ್ಲಿನ ಪಟಾಕಿ ಹಬ್ಬ, ಬಂತೆಂದರೆ ನಮ್ಮ ಸೆಲ್ಲಿ ಓಕ್ ಬಡಾವಣೆಯ ವಿದ್ಯಾರ್ಥಿಗಳೆಲ್ಲ ಹಿತ್ತಲಲ್ಲಿ ಪಟಾಕಿ ಹೊಡೆಯುತ್ತಾರೆ. ಆ ಸಂಜೆ ರಾಯರು ಎರಡೂ ಕಿವಿಯಲ್ಲಿ ಬೆರಳಿಟ್ಟುಕೊಂಡು, ಕಣ್ಣು ಮುಚ್ಚಿ, ಸೋಫಾದ ಮೂಲೆಯಲ್ಲಿ ಮುದುಡಿ ಕೂತಿರುತ್ತಿದ್ದರು. ಕಾಫಿ ಕೊಟ್ಟರೆ ಕುಡಿಯಲು ಕೈಯೇ ಬಿಡುವಿರುತ್ತಿರಲಿಲ್ಲ. ನನ್ನ ಮಗಳು ಆಗ ಚಿಕ್ಕವಳು. ಲೋಟವನ್ನು ಅವರ ಬಾಯಿಯ ತನಕ ಒಯ್ದು ಕುಡಿಸುತ್ತಿದ್ದಳು.

ತಮಾಷೆಯೆಂದರೆ ಈ ಮನುಷ್ಯ ಹೊಟ್ಟೆ ಹೊರೆಯುತ್ತಿದ್ದದ್ದು ಬಂದೂಕುಗಳಿಂದ.

ತೊಂಬತ್ತರ ದಶಕದ ಕೊನೆಯಲ್ಲಿ ನಾವು ಮೈಸೂರಿನಿಂದ ಬರ್ಮಿಂಗ್‌ಹ್ಯಾಮಿಗೆ ಬಂದೆವು. ನಾನು ಇಲ್ಲಿ ಜಿಪಿ ಎಂದು ಕರೆಯುವ ಕುಟುಂಬ ವೈದ್ಯೆಯಾಗಲು ಓದುತ್ತಿದ್ದೆ. ಗಂಡ ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರು, ಅಂದರೆ ಆಪರೇಷನ್ನಿಗೆ ಮುಂಚೆ ಮಲಗಿಸುವವನು. ಬಾಡಿಗೆ ಕಡಿಮೆಯೆಂದು ಸೆಲ್ಲಿ ಓಕಿನಲ್ಲಿ ಮನೆ ಹಿಡಿದೆವು. ಎಡಗಡೆ ವಿದ್ಯಾರ್ಥಿಗಳು, ಬಲಗಡೆ ರಾಯರು. ಸಾಮಾನು ಇಳಿಸುವ ದಿನ ಅವರು ಗೇಟಿನ ಹತ್ತಿರ ಕೈ ಹಿಂದೆ ಕಟ್ಟಿಕೊಂಡು ನಿಂತು, ವ್ಯಾನಿನಿಂದ ಇಳಿದ ಒಂದೊಂದು ವಸ್ತುವನ್ನೂ ಪೊಲೀಸರಂತೆ ನೋಡುತ್ತಿದ್ದರು. ನನಗೆ ಸಿಟ್ಟು ಬಂತು. ಯಾರಪ್ಪ ಈ ಅಧಿಕಪ್ರಸಂಗಿ ಎಂದುಕೊಂಡೆ. ಅಷ್ಟರಲ್ಲಿ ನನ್ನ ಕೈಯಲ್ಲಿದ್ದ ಪ್ರೆಶರ್ ಕುಕ್ಕರಿಗೆ ಬೆರಳು ತೋರಿಸಿ ಅಪ್ಪಟ ಧಾರವಾಡದ ಕನ್ನಡದಲ್ಲಿ ಕೇಳಿದರು.

"ಈ ಕುಕ್ಕರಿನ ಹಿಡಿಕಿ ಯಾರು ರಿಪೇರಿ ಮಾಡಿದ್ರವಾ?"

ನಾನು ಬೆಚ್ಚಿಬಿದ್ದೆ. ಆ ಬೀದಿಯಲ್ಲಿ ಕನ್ನಡ ಕೇಳಿಸುತ್ತದೆಂದು ಯಾರು ಅಂದುಕೊಂಡಿದ್ದರು? "ನಮ್ಮತ್ತೆ. ತಂತಿ ಸುತ್ತಿ ಕೊಟ್ಟಿದ್ದಾರೆ" ಎಂದೆ.

"ತಂತಿ ತುದಿ ಒಳಗ ಮಡಚ್ಯಾರ. ಕೈಗೆ ಚುಚ್ಚಬಾರದು ಅಂತ. ಹಂಗಾದರ ನಿಮ್ಮ ಮನಿ ಛಂದಾಗಿ ನಡೀತದ ಬಿಡು" ಎಂದು ಹೇಳಿ, ಕುಕ್ಕರನ್ನು ನನ್ನ ಕೈಯಿಂದ ತಾವೇ ಇಸಕೊಂಡು ಒಳಗೆ ನಡೆದರು. ಅವತ್ತಿನಿಂದ ನಾನು ಅವರಿಗೆ ತಂಗಿ. ನಮಗೆ ಅವರು ರಾಯರು. ಒಂಟಿ ಜೀವ. ಮದುವೆ ಯಾಕೆ ಆಗಲಿಲ್ಲವೆಂದು ಕೇಳಿದರೆ, "ನೋಡಾಕ ಹೋದ ಮನಿಯೊಳಗ ಹುಡುಗೀನ್ನ ಬಿಟ್ಟು ಹೊಲಿಗಿ ಮಶಿನ್ ನೋಡಿದೆ. ಅವರು ಬ್ಯಾಡ ಅಂದ್ರು" ಎನ್ನುತ್ತಿದ್ದರು. ನಿಜವೋ ಸುಳ್ಳೋ, ಆ ದೇವರೇ ಬಲ್ಲ.

ಅವರ ಕಚೇರಿ ಇದ್ದದ್ದು ಊರಿನ ನಡುವೆ, ಹಿಂದೊಮ್ಮೆ ಬಂದೂಕು ತಯಾರಿಸುವವರೇ ತುಂಬಿದ್ದ ಬೀದಿಯೊಂದರ ಮೇಲ್ಮಹಡಿಯಲ್ಲಿ. ಜಗತ್ತಿನ ಎಲ್ಲೆಲ್ಲಿಯೋ ನಡೆಯುವ ಯುದ್ಧಗಳಲ್ಲಿ ಸೈನ್ಯದವರು ಬಂಡುಕೋರರಿಂದ ವಶಪಡಿಸಿಕೊಂಡ ಬಂದೂಕು, ಗುಂಡು, ಬಾಂಬಿನ ಚೂರುಗಳ ಫೋಟೋಗಳು ಆ ಕಚೇರಿಗೆ ಬರುತ್ತಿದ್ದವು. ಕೆಲವೊಮ್ಮೆ ಚೂರುಗಳೇ ಬರುತ್ತಿದ್ದವು. ಅವನ್ನು ನೋಡಿ ಆ ಗುಂಪಿನವರ ಕೈಲಿ ಏನಾಗುತ್ತದೆ, ಏನಾಗುವುದಿಲ್ಲ ಎಂದು ಹೇಳುವುದು ರಾಯರ ಕೆಲಸ. ಸರ್ಕಾರಗಳು ಕೇಳುತ್ತಿದ್ದವು, ಯುದ್ಧದ ನಾಡಿಗೆ ಅಕ್ಕಿ, ಔಷಧಿ ಒಯ್ಯುವ ಪರಿಹಾರ ಸಂಸ್ಥೆಗಳೂ ಕೇಳುತ್ತಿದ್ದವು. ಅವರು ಓದಿದ್ದು ಲೋಹಶಾಸ್ತ್ರ. ಇಲ್ಲಿಗೆ ಬರುವ ಮುಂಚೆ ನಮ್ಮ ದೇಶದಲ್ಲೇ ಒಂದು ತೋಪು-ಮದ್ದುಗುಂಡಿನ ಕಾರ್ಖಾನೆಯ ಲ್ಯಾಬಿನಲ್ಲಿದ್ದವರು.

ಎಲ್ಲರೂ ಬಂದೂಕು ಯಾವ ದೇಶದ್ದು ಎಂದು ನೋಡುತ್ತಿದ್ದರೆ ರಾಯರು ರಿಪೇರಿ ನೋಡುತ್ತಿದ್ದರು. "ಬಂದೂಕ ಯಾರರ ಕೊಡ್ತಾರ ತಂಗಿ. ಕೊಡೋ ಮಂದಿಗೇನು ಕಡಿಮಿ ಇಲ್ಲ. ಅದು ಕೆಟ್ಟಾಗ ಏನು ಮಾಡ್ತಾರ, ಅದು ನೋಡಬೇಕು. ಸ್ಪ್ರಿಂಗ್ ಹೊಸಾದು ಹಾಕ್ಯಾರೋ, ಸೈಕಲ್ ಟ್ಯೂಬ್ ಸುತ್ಯಾರೋ? ಎಣ್ಣಿ ಹಚ್ಚ್ಯಾರೋ, ಹಂಗ ತುಕ್ಕು ಹಿಡಿಸ್ಯಾರೋ?" ಎಂದು ಊಟದ ತಟ್ಟೆಯ ಮುಂದೆ ಪಾಠ ಮಾಡುತ್ತಿದ್ದರು. ಸಾರಿನಲ್ಲಿ ಅನ್ನ ಆರಿ ತಣ್ಣಗಾಗುತ್ತಿತ್ತು. ಎದುರಿಗಿದ್ದವರು ಹೂಂ ಎನ್ನದಿದ್ದರೆ ಮೊದಲಿನಿಂದ ಮತ್ತೆ ಶುರು. ತಮ್ಮ ಜಾಣತನದ ಬಗ್ಗೆ ಅವರಿಗೆ ಒಂದಿಷ್ಟೂ ಸಂಕೋಚವಿರಲಿಲ್ಲ.

ಟೀವಿಯಲ್ಲಿ ಯಾರಾದರೂ ಸೂಟು ಹಾಕಿದವನು ಬಂದು "ಉಗ್ರರ ಬಳಿ ಅತ್ಯಾಧುನಿಕ ಶಸ್ತ್ರಾಸ್ತ್ರಗಳಿವೆ" ಎಂದರೆ ಮುಗಿಯಿತು. ರಾಯರು ಟೀವಿಯ ಮೇಲೆ ಹರಿಹಾಯುತ್ತಿದ್ದರು. "ಏ ಮಾರಾಯಾ, ಅತ್ಯಾಧುನಿಕ ಅಂದ್ರ ಏನೋ? ನೀ ಯಾವಾಗ ನೋಡಿದಿ? ತುಕ್ಕು ಕಾಣಂಗಿಲ್ಲೇನು ನಿನಗ?" ಆ ಗುಂಪುಗಳ ಮೇಲೆ ಅವರಿಗೆ ಮರುಕವೇನೂ ಇರಲಿಲ್ಲ. ಶಾಲೆ ಸುಟ್ಟವರನ್ನು, ಸಂತೆಯಲ್ಲಿ ಬಾಂಬಿಟ್ಟವರನ್ನು ನಾನು ಇಲ್ಲಿ ಬರೆಯಲಾಗದ ಧಾರವಾಡದ ಮಾತುಗಳಲ್ಲಿ ಬೈಯುತ್ತಿದ್ದರು. ಆದರೆ ಹೆದರಿಸಿ ಮಾತಾಡುವವರನ್ನು ಕಂಡರೂ ಅಷ್ಟೇ ಸಿಟ್ಟು. ಒಂದು ಭಾನುವಾರ ಊರಾಚೆ ಟಿವಿಡೇಲಿನ ದೇವಸ್ಥಾನದಲ್ಲಿ ಪುಳಿಯೋಗರೆ ತಿನ್ನುತ್ತ ಯಾರೋ ಒಬ್ಬರು "ಆ ಜನವೇ ಹಾಗೆ ರಾಯರೇ, ನಿಮಗೆ ಗೊತ್ತಿಲ್ಲದ್ದಾ?" ಎಂದು ಕೆದಕಿದರು. "ನಾ ಕಬ್ಬಿಣ ಓದೀನ್ರಿ, ಜನ ಓದಿಲ್ಲ. ನೀವು ಓದೀರೇನು?" ಎಂದರು ರಾಯರು. ಕೇಳಿದವರು ತಟ್ಟೆ ಎತ್ತಿಕೊಂಡು ಬೇರೆ ಮೇಜಿಗೆ ಹೋದರು.

ಅವರಿಗೆ "ಗನ್ ಮಾಮ" ಎಂದು ಹೆಸರಿಟ್ಟವಳು ನನ್ನ ಮಗಳು. ಮನೆಯೊಳಗೆ ಪರವಾಗಿಲ್ಲ. ಲಂಡನ್ನಿನಲ್ಲಿ ಬಾಂಬು ಸಿಡಿದ ಆ ಬೇಸಿಗೆ, ಎಲ್ಲರೂ ಎಲ್ಲರ ಚೀಲವನ್ನೂ ಅನುಮಾನದಿಂದ ನೋಡುತ್ತಿದ್ದ ದಿನಗಳಲ್ಲಿ, ನಾವು ಬಸ್ಸಿನ ಮೇಲಂತಸ್ತಿನಲ್ಲಿ ಕೂತಿದ್ದೆವು. ರಾಯರು ಕೆಳಗಿನಿಂದ ಮೆಟ್ಟಿಲು ಹತ್ತಿ ಬಂದರು. ಗಡ್ಡ ಬಿಟ್ಟಿದ್ದರು, ಹೆಗಲಲ್ಲಿ ದೊಡ್ಡ ಚೀಲ. ನನ್ನ ಮಗಳು ಖುಷಿಯಿಂದ ಬಸ್ಸೇ ಹಾರಿಹೋಗುವಂತೆ "ಗನ್ ಮಾಮಾ!" ಎಂದು ಕಿರುಚಿದಳು. ಬಸ್ಸು ಗಪ್‌ಚುಪ್. ಮುಂದಿನ ಸೀಟಿನ ಅಜ್ಜಿ ತಮ್ಮ ಕೈಚೀಲವನ್ನು ಎದೆಗವಚಿಕೊಂಡರು. ರಾಯರು ಅಲ್ಲೇ ನಿಂತು, ಚೀಲದ ಜಿಪ್ ಎಳೆದು, ಒಳಗಿದ್ದ ಒಂದು ದೊಡ್ಡ ಕುಂಬಳಕಾಯಿಯನ್ನು ಎರಡೂ ಕೈಯಲ್ಲಿ ಎತ್ತಿ ಎಲ್ಲರಿಗೂ ತೋರಿಸಿದರು. ಯಾರೋ ಚಪ್ಪಾಳೆ ತಟ್ಟಿದರು. ಅಜ್ಜಿ ಅದನ್ನು ಹೇಗೆ ಬೇಯಿಸುತ್ತೀರೆಂದು ವಿಚಾರಿಸಿದರು. ಬಸ್ಸಿಳಿದ ಮೇಲೆ ನಾನು ಮಗಳ ಕಿವಿ ಹಿಂಡಲು ಹೋದರೆ ರಾಯರೇ ಅಡ್ಡ ಬಂದು, "ಇರಲಿ ಬಿಡು, ನನ್ನ ಹೆಸರರ ಗೊತ್ತಾತು ಮಂದಿಗೆ" ಎಂದರು.

ಆಯುಧ ಪೂಜೆಯ ದಿನ ಅವರ ಕಚೇರಿಗೆ ಒಮ್ಮೆ ಹೋಗಿದ್ದೆ. ಪೂಜೆಗೆ ಕೂರಿಸಿದ್ದು ಮೂರೇ ಸಾಮಾನು: ಭೂತಗನ್ನಡಿ, ಟಾರ್ಚು, ಒಂದು ಹಳೆಯ ಹಲ್ಲುಜ್ಜುವ ಬ್ರಶ್ಶು. ಪಕ್ಕದ ಕಪಾಟಿನಲ್ಲಿ ಬಂದೂಕಿನ ಬಿಡಿಭಾಗಗಳು ಚೀಟಿ ಅಂಟಿಸಿಕೊಂಡು ಮಲಗಿದ್ದವು. "ನಿಜವಾದ ಆಯುಧಗಳನ್ನೇ ಬಿಟ್ಟಿರಲ್ಲ ರಾಯರೇ?" ಎಂದು ಛೇಡಿಸಿದೆ. ಅವರು ನಗಲಿಲ್ಲ. "ಅವಕ್ಕ ಕುಂಕುಮ ಬ್ಯಾಡ ತಂಗಿ. ಅವು ಯಾರನ್ನ ಕೊಂದಾವೋ ಏನೋ" ಎಂದು ಬ್ರಶ್ಶಿಗೆ ಇನ್ನೊಂದು ಚೂರು ಅರಿಶಿನ ಹಚ್ಚಿದರು.

ಪಟಾಕಿ ಕಂಡರೆ ಯಾಕಷ್ಟು ಹೆದರಿಕೆ ಎಂದು ಅವತ್ತೇ ಕೇಳಿದೆ. ಕಾರ್ಖಾನೆಯ ಲ್ಯಾಬಿನಲ್ಲಿ ಅವರ ಮೇಲಧಿಕಾರಿಯೊಬ್ಬ ಒಂದು ನಿಯಮ ಮಾಡಿದ್ದನಂತೆ. ತೋಪಿನ ನಳಿಗೆಯನ್ನು ಪರೀಕ್ಷಿಸಿ "ಗಟ್ಟಿ ಇದೆ" ಎಂದು ಯಾರು ಸಹಿ ಹಾಕುತ್ತಾರೋ, ಅದನ್ನು ಮೊದಲ ಸಲ ಹಾರಿಸುವಾಗ ಅವರೇ ಅದರ ಪಕ್ಕ ನಿಲ್ಲಬೇಕು. ನಳಿಗೆ ಸೀಳಿದರೆ ಸಹಿ ಹಾಕಿದವನೂ ಹೋದ. "ಒಮ್ಮೆನೂ ಸೀಳಲಿಲ್ಲ. ನಾ ಹಂಗ ನೋಡಿ ಸಹಿ ಮಾಡ್ತಿದ್ದೆ. ಆದರ ಪ್ರತಿ ಸಲ ನಿಂತಾಗೂ ಜೀವ ಹೋಗಿ ಹೋಗಿ ಬರ್ತಿತ್ತು. ಆ ಸಪ್ಪಳ ಇನ್ನೂ ಕಿವಿಯಾಗ ಅದ" ಎಂದರು. ಆ ಮೇಲಧಿಕಾರಿಯನ್ನು ಬೈಯುತ್ತಾರೇನೋ ಎಂದು ಕಾದೆ. "ಬೆರಕಿ ಇದ್ದ. ಆದರ ನಿಯಮ ಬರೋಬ್ಬರಿ ಇತ್ತು" ಎಂದುಬಿಟ್ಟರು.

ಇನ್ನು ನನ್ನ ಮನೆಯ ವಿಷಯಕ್ಕೆ ಬರುತ್ತೇನೆ.

ಅದೇ ಬಸ್ಸಿನ ಕುಂಬಳಕಾಯಿಯ ವರ್ಷ. ಮರುಭೂಮಿಯ ಅಂಚಿನ ಒಂದು ದೇಶದಲ್ಲಿ ಪುಟ್ಟ ಊರಿನ ಆಸ್ಪತ್ರೆ. ಸೀಳುತುಟಿಯ ಮಕ್ಕಳಿಗೆ ಆಪರೇಷನ್ ಮಾಡಲು ನನ್ನ ಗಂಡನ ಆಸ್ಪತ್ರೆಯಿಂದ ಒಂದು ತಂಡ ಅಲ್ಲಿಗೆ ಹೊರಟಿತ್ತು. ಮಲಗಿಸುವ ಡಾಕ್ಟರು ಇವನೇ. ಆ ಪ್ರಾಂತ್ಯದಲ್ಲಿ ಜಿಹಾದಿ ಬಂಡುಕೋರರ ಗುಂಪೊಂದು ಎದ್ದಿತ್ತು. ರಸ್ತೆಯಲ್ಲಿ ಬಸ್ಸು ನಿಲ್ಲಿಸಿ ಕೊಲ್ಲುತ್ತಿದ್ದರು. ಹಾಗಾಗಿ ಆ ಊರಿಗೆ ಡಾಕ್ಟರು, ಔಷಧಿ ಎಲ್ಲ ಹೋಗುತ್ತಿದ್ದದ್ದು ಪರಿಹಾರ ಸಂಸ್ಥೆಯ ಒಂದು ಸಣ್ಣ ವಿಮಾನದಲ್ಲಿ. ಹೊರಡಲು ತಿಂಗಳಿರುವಾಗ ಅಲ್ಲಿನ ಸೈನ್ಯ ವಶಪಡಿಸಿಕೊಂಡ ಶಸ್ತ್ರಗಳನ್ನು ಜನರಿಗೆ ಪ್ರದರ್ಶಿಸಿತು. ಅದರಲ್ಲಿ ಹೆಗಲ ಮೇಲಿಟ್ಟು ವಿಮಾನಕ್ಕೆ ಗುರಿಯಿಡುವ ಕ್ಷಿಪಣಿಯ ಕೊಳವೆಯೂ ಇತ್ತು. ಮತ್ತೊಂದು ಊರಿನ ಪ್ರದರ್ಶನದಲ್ಲಿ ಇನ್ನೊಂದು, ಮೂರನೆಯ ಊರಿನಲ್ಲಿ ಮತ್ತೊಂದು. ಬಂಡುಕೋರರ ಹತ್ತಿರ ಇಂಥವು ರಾಶಿ ಇರಬೇಕೆಂದು ಪತ್ರಿಕೆಗಳು ಬರೆದವು. ವಿಮಾನ ನಿಂತಿತು. ಆಸ್ಪತ್ರೆಯಲ್ಲಿ ಔಷಧಿ ಮುಗಿಯುತ್ತ ಬಂತು. ವಿಮಾನ ಹಾರಬಹುದೋ ಇಲ್ಲವೋ ಎಂದು ತಿಳಿಯಲು ಆ ಸಂಸ್ಥೆ ಫೋಟೋಗಳನ್ನು ಕಳಿಸಿದ್ದು ಯಾರಿಗೆ? ನಮ್ಮ ಗೋಡೆಯಾಚೆಯ ರಾಯರಿಗೆ.

ನನ್ನ ಗಂಡನಿಗೆ ಹೋಗಲೇಬೇಕು. "ಮಕ್ಕಳು ಕಾಯ್ತಿದ್ದಾರೆ ಕಣೇ" ಎನ್ನುತ್ತಿದ್ದ. ನಿನ್ನ ಮಗಳೂ ಕಾಯುತ್ತಾಳಲ್ಲ, ಅವಳು ಮಗುವಲ್ಲವಾ ಎಂದು ನಾನು ಕೂಗಾಡುತ್ತಿದ್ದೆ. ವಿಮಾನ ಹಾರಬಾರದು, ಇವನು ಮನೆಯಲ್ಲೇ ಬಿದ್ದಿರಬೇಕು, ನನಗೆ ಬೇಕಾಗಿದ್ದದ್ದು ಅಷ್ಟೇ. ಒಂದು ಸಂಜೆ ಬಿಸಿಬಿಸಿ ಮೆಂತ್ಯದ ದೋಸೆ ಹಿಡಿದುಕೊಂಡು ರಾಯರ ಮನೆಗೆ ಹೋಗಿ ಕೇಳಿಯೇಬಿಟ್ಟೆ.

"ರಾಯರೇ, ಆ ಗುಂಪಿನ ಹತ್ರ ಕ್ಷಿಪಣಿ ಇದೆ ಅಂತ ಬರೆದುಬಿಡಿ. ನಿಮಗೇನು ಹೋಗೋದು?"

ಅವರು ದೋಸೆ ಮುರಿಯುತ್ತಿದ್ದ ಕೈ ನಿಲ್ಲಿಸಿದರು. "ಇದ್ದರ ಬರೀತೀನಿ" ಎಂದರು.

"ಇಲ್ಲದಿದ್ರೆ?"

"ದೋಸಿ ಛಲೋ ಆಗ್ಯದ" ಎಂದರು. ಇನ್ನೊಂದು ಚೂರು ಮುರಿದುಕೊಂಡರು. ಕೇಳಿದ್ದಕ್ಕೆ ನನಗೆ ಆಗಲೂ ನಾಚಿಕೆಯಾಗಲಿಲ್ಲ, ಈಗಲೂ ಇಲ್ಲ. ಗಂಡನನ್ನು ಉಳಿಸಿಕೊಳ್ಳಲು ನಾನು ದೋಸೆಯೇನು, ಹೋಳಿಗೆಯನ್ನೂ ಮಾಡುತ್ತಿದ್ದೆ.

ಅಷ್ಟರಲ್ಲಿ ನವರಾತ್ರಿ ಬಂತು. ಬರ್ಮಿಂಗ್‌ಹ್ಯಾಮಿನ ಬೊಂಬೆ ಹಬ್ಬದ ಗುಟ್ಟೊಂದನ್ನು ಹೇಳಬೇಕು. ಮೈಸೂರಿನಿಂದ ಸೂಟ್‌ಕೇಸಿನಲ್ಲಿ ಎಷ್ಟು ಬೊಂಬೆ ತರಲಾದೀತು? ನನ್ನ ಹತ್ತಿರ ಇದ್ದದ್ದು ಪಟ್ಟದ ರಾಜ ರಾಣಿ, ಒಂದಿಷ್ಟು ಪ್ರಾಣಿಗಳು. ಎರಡು ಮೆಟ್ಟಿಲೂ ತುಂಬುವುದಿಲ್ಲ. ಆದರೆ ಬಂದವರ ಮುಂದೆ ಎರಡು ಮೆಟ್ಟಿಲು ಕೂರಿಸಿದರೆ ಮರ್ಯಾದೆ ಏನುಳಿಯಿತು? ಹೇಗೂ ಎಲ್ಲರಿಗೂ ಆಸ್ಪತ್ರೆಯ ಡ್ಯೂಟಿ, ಪಾಳಿಯ ರೋಟಾ. ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ದಿನ ಬೊಂಬೆ ನೋಡಲು ಕರೆಯುತ್ತಾರೆ. ಇವತ್ತು ನಿಮ್ಮ ಮನೆಯಲ್ಲಿ ಕೂತ ಬೊಂಬೆಗಳು ನಾಳೆ ಕಾರಿನ ಬೂಟಿನಲ್ಲಿ ಟವೆಲು ಸುತ್ತಿಕೊಂಡು ನಮ್ಮ ಮನೆಗೆ ಬರುತ್ತವೆ. ಜಾಗ ಅದಲುಬದಲು ಮಾಡಿ, ಸೀರೆಯ ಚೂರು ಬದಲಾಯಿಸಿ, ಮುಂದೆ ಬೇರೆ ಅಂಗಡಿ ಹೂಡಿದರೆ ಹೊಸ ಬೊಂಬೆಯೇ. ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಡುವುದಿಲ್ಲ. ಆ ವರ್ಷ ನಾನು ನಾಲ್ಕಾರು ಮನೆಗಳಿಂದ ಬೊಂಬೆ ತಂದಿದ್ದೆ; ಅವುಗಳಲ್ಲಿ ಪಕ್ಕದೂರು ಸೋಲಿಹಲ್ಲಿನ ಗೆಳತಿಯ, ಅಂಗಡಿ ಹೂಡಿ ಕೂರುವ ಶೆಟ್ಟಿ-ಶೆಟ್ಟಮ್ಮರ ಜೋಡಿಯೂ ಇತ್ತು. ಮೆಡಿಕಲ್ ಜರ್ನಲ್ಲುಗಳ ಡಬ್ಬಗಳನ್ನು ಮೆಟ್ಟಿಲು ಮಾಡಿ, ಮೇಲೆ ಬಿಳಿ ಪಂಚೆ ಹಾಸಿ, ಏಳು ಸಾಲು ತುಂಬಿಸಿದೆ. ಶೆಟ್ಟಿಯ ಮುಂದೆ ಪುಟ್ಟ ಬಟ್ಟಲುಗಳಲ್ಲಿ ಅಕ್ಕಿ, ಬೇಳೆ, ಬೆಲ್ಲ ಇಟ್ಟೆ.

ಧಾರವಾಡದವರಾದ ರಾಯರಿಗೆ ಬೊಂಬೆ ಹಬ್ಬವೆಂದರೆ ತಮಾಷೆ. "ನಮ್ಮ ಕಡೆ ಘಟ್ಟ ಹಾಕ್ತಾರ, ಬನ್ನಿ ಕೊಡ್ತಾರ. ನಿಮ್ಮದೇನಿದು, ಗೊಂಬಿ ಮೆರವಣಗಿ" ಎಂದು ಪ್ರತಿ ವರ್ಷ ಕಿಚಾಯಿಸುತ್ತಿದ್ದರು. ಆದರೆ ಕೋಸಂಬರಿಗಾಗಿ ಒಂದು ಮನೆಯನ್ನೂ ಬಿಡುತ್ತಿರಲಿಲ್ಲ. ಅವತ್ತು ಶನಿವಾರ ಮಧ್ಯಾಹ್ನ ಬಂದರು. ಕೈಯಲ್ಲಿ ತಟ್ಟೆ ಹಿಡಿದು ಮೆಟ್ಟಿಲುಗಳ ಮುಂದೆ ಬಗ್ಗಿ, ಅಭ್ಯಾಸಬಲದಿಂದ ಒಂದೊಂದನ್ನೇ ನೋಡತೊಡಗಿದರು. ಶೆಟ್ಟಿಯ ಹತ್ತಿರ ಬಂದವರು ಹೋ ಎಂದು ನಕ್ಕರು.

"ಏನ್ರೀ ಶೆಟ್ಟರ, ನಿನ್ನೆ ಸೋಲಿಹಲ್‌ನಾಗ ಇದ್ದಿರಿ, ಇವತ್ತ ಇಲ್ಲಿ ಅಂಗಡಿ ತಗದೀರಿ?"

ಹಾಲಿನಲ್ಲಿ ಹತ್ತಾರು ಹೆಂಗಸರು. ನನ್ನ ಮುಖ ಕೆಂಪಗಾಯಿತು. "ಏನ್ ಹೇಳ್ತಿದ್ದೀರಿ ರಾಯರೇ? ಅದು ನಮ್ಮದೇ" ಎಂದೆ.

"ಹೋಗ ತಂಗಿ! ಈ ಕಿವಿ ತುದಿ ಮುಕ್ಕಾಗ್ಯದ ನೋಡು. ಅಲ್ಲಿ ಜರದ ರುಮಾಲು ಸುತ್ತಿದ್ರು, ಇಲ್ಲಿ ಹಸಿರ ಸುತ್ತೀರಿ. ಕಿವಿ ಅದೇ..." ಎಂದವರು ಅಲ್ಲಿಗೇ ನಿಂತರು. ಬಾಯಿ ತೆರೆದಿತ್ತು. ನಗು ಮಾತ್ರ ಮುಖದಿಂದ ಇಳಿದುಹೋಗಿತ್ತು. ನನ್ನ ಬೊಂಬೆಗಳನ್ನು ಮೇಲಿನಿಂದ ಕೆಳಗೆ ಮತ್ತೊಮ್ಮೆ ನೋಡಿದರು: ದೊಡ್ಡವು ಮೇಲೆ, ಸಣ್ಣವು ಕೆಳಗೆ, ಎಲ್ಲ ಸಾಲಾಗಿ, ಬಿಳಿ ಬಟ್ಟೆಯ ಮೇಲೆ. ಕೋಸಂಬರಿಯ ತಟ್ಟೆಯನ್ನು ಶೆಟ್ಟಮ್ಮನ ಪಕ್ಕದಲ್ಲೇ ಇಟ್ಟು, ಚಪ್ಪಲಿ ಮೆಟ್ಟಿಕೊಂಡು, ಬಸ್ ಸ್ಟಾಪಿನ ಕಡೆಗೆ ಹೆಚ್ಚೂಕಡಿಮೆ ಓಡಿಯೇ ಹೋದರು. ರಾಯರು ತಟ್ಟೆ ಬಿಟ್ಟು ಎದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮರುದಿನ ಬೆಳಿಗ್ಗೆ ಹಿತ್ತಲ ಬಾಗಿಲಿಗೆ ಬಂದರು. ಕಣ್ಣು ಕೆಂಪಾಗಿತ್ತು. ಸಂಸ್ಥೆಗೆ ಇನ್ನೂ ಉತ್ತರ ಕಳಿಸಿಲ್ಲ, ಮೊದಲು ನನಗೇ ಹೇಳಬೇಕೆಂದು ಬಂದೆ ಎಂದರು. ಅಡುಗೆಮನೆಯ ಮೇಜಿನ ಮೇಲೆ ಮೂರು ಊರಿನ ಮೂರು ಫೋಟೋ ಹರಡಿದರು. ಟಾರ್ಪಾಲಿನ ಮೇಲೆ ಸಾಲಾಗಿ ಜೋಡಿಸಿದ ಬಂದೂಕುಗಳು, ಎಲ್ಲಕ್ಕಿಂತ ಮೇಲೆ ಆ ಕೊಳವೆ.

"ನೋಡು. ಹಿಂದಿನ ತುದಿಗೆ ನೆಗ್ಗು. ಇಲ್ಲೂ ನೆಗ್ಗು, ಇಲ್ಲೂ ಅದೇ ನೆಗ್ಗು. ಪಟ್ಟಿ ಹರದದ್ದಕ್ಕ ನೀಲಿ ಹಗ್ಗ ಕಟ್ಯಾರ. ಮೂರರಾಗೂ ಅದೇ ಗಂಟು. ಒಂದರಾಗ ಮಣ್ಣು ಬಳದಾರ, ಒಂದರಾಗ ತಿರುಗಿಸಿ ಇಟ್ಟಾರ, ಅಷ್ಟ. ಮೂರು ಕೊಳವಿ ಅಲ್ಲ ತಂಗಿ, ಒಂದ ಕೊಳವಿ. ಸೈನ್ಯದವರು ಊರಿಂದ ಊರಿಗೆ ಲಾರಿಯೊಳಗ ಹೊತ್ತುಕೊಂಡು ಹೋಗ್ಯಾರ. ದೊಡ್ಡ ಸಾಹೇಬ ನೋಡಾಕ ಬಂದಾಗ ಸಾಲು ತುಂಬಬೇಕಲ್ಲ! ಅವರೂ ಗೊಂಬಿ ಕಡಾ ತಂದಾರ."

"ಒಂದಾದ್ರೂ ಇದೆಯಲ್ಲ?" ಎಂದೆ.

"ಅದೂ ಖಾಲಿ. ಯಾವಾಗೋ ಹಾರಿಸಿ ಒಗದದ್ದು. ಹಿಡಿಕಿ ಇಲ್ಲ, ಬ್ಯಾಟರಿ ಇಲ್ಲ. ಉಳಿದ ಬಂದೂಕ ನೋಡು, ಸೈಕಲ್ ಟ್ಯೂಬ್ ಸುತ್ಯಾರ. ಗುಂಡು ನಾಕು ನಮೂನಿ, ಎಲ್ಲಾ ತುಕ್ಕು. ರಸ್ತಾದ ಮ್ಯಾಲೆ ಈ ಬಂಡುಕೋರ ಮಂದಿ ಭಾಳ ಅಪಾಯ, ಅದನ್ನೂ ಬರದೀನಿ. ಮ್ಯಾಲೆ ಹಾರೂದಕ್ಕ ಇವರ ಕೈ ಮುಟ್ಟೂದಿಲ್ಲ ಅಂತ ನನ್ನ ಅಭಿಪ್ರಾಯ."

"ಗ್ಯಾರಂಟೀನಾ?"

"ಗ್ಯಾರಂಟಿ ಕುಕ್ಕರಿಗೆ ಕೊಡ್ತಾರ ತಂಗಿ. ನಾ ಫೋಟೋದಾಗ ಇದ್ದದ್ದು ಹೇಳಬಲ್ಲೆ. ಫೋಟೋದ ಹೊರಗ ಇದ್ದದ್ದು ನನಗ ಗೊತ್ತಿಲ್ಲ. ಅದನ್ನೂ ಬರದೀನಿ."

ನನಗೆ ಎಲ್ಲಿತ್ತೋ ಸಿಟ್ಟು. ನನ್ನ ಬೊಂಬೆ, ನನ್ನ ಮನೆ, ನಾನೇ ಹಸಿರು ರುಮಾಲು ಸುತ್ತಿದ ಶೆಟ್ಟಿ! ಅವನೇ ನನ್ನ ಗಂಡನನ್ನು ವಿಮಾನ ಹತ್ತಿಸುತ್ತಿದ್ದ. "ನನ್ ಮನೆ ಕೋಸಂಬರಿ ತಿಂದು ನನ್ ಗಂಡನ್ನೇ ಕಳಿಸ್ತೀರಾ? ಮಗು ಮುಖ ನೋಡಿಯಾದ್ರೂ ಬೇರೆ ಥರ ಬರೀಬಾರದಾ? ನಿಮಗೆ ಹೆಂಡತಿ ಮಕ್ಕಳಿದ್ದಿದ್ರೆ ಗೊತ್ತಾಗೋದು!" ಎಂದು ಬಾಯಿಗೆ ಬಂದಂತೆ ಅಂದೆ. ರಾಯರು ಎಲ್ಲವನ್ನೂ ಕೇಳಿಸಿಕೊಂಡರು. ಫೋಟೋಗಳನ್ನು ಒಂದರ ಮೇಲೊಂದು ಇಟ್ಟುಕೊಂಡು, "ಅಲ್ಲೂ ಹುಡುಗೂರು ಇದ್ದಾರವಾ" ಎಂದಷ್ಟೇ ಹೇಳಿ ಹೊರಟರು.

ನಾನು ಮಾತು ಬಿಟ್ಟೆ. ವಿಜಯದಶಮಿಯ ಬೆಳಿಗ್ಗೆ ಬಾಗಿಲಿನಲ್ಲಿ ಕಾಗದ ಹಾಕುವ ಕಿಂಡಿಯಿಂದ ಒಂದು ಹಿಡಿ ಎಲೆ ಒಳಗೆ ಬಿತ್ತು. ಬರ್ಮಿಂಗ್‌ಹ್ಯಾಮಿನಲ್ಲಿ ಬನ್ನಿ ಮರ ಎಲ್ಲಿಂದ ಬರಬೇಕು? ಪ್ರತಿ ವರ್ಷ ರಾಯರು ವಿದ್ಯಾರ್ಥಿಗಳ ಮನೆಯ ಬೇಲಿಯಿಂದ ಎಲೆ ಕಿತ್ತು, ಅದನ್ನೇ ಬನ್ನಿಯೆಂದು ಎಲ್ಲರ ಕೈಗಿಟ್ಟು, "ಬನ್ನಿ ತೊಗೊಂಡು ಬಂಗಾರದಂಗ ಇರೂಣು" ಎನ್ನುತ್ತಿದ್ದರು. ಆ ವರ್ಷ ಬಾಗಿಲಾಚೆ ನಿಂತು ಗಟ್ಟಿಯಾಗಿ ಅಂದರು. ನಾನು ಬಾಗಿಲು ತೆರೆಯಲಿಲ್ಲ. ಮಗಳು ಎಲೆಗಳನ್ನು ಆರಿಸಿಕೊಂಡು "ಅಮ್ಮಾ, ವೈ ಆರ್ ಯು ಬೀಯಿಂಗ್ ಮೀನ್?" ಎಂದು ಕೇಳಿದಳು. ಹೋಗಿ ಹಲ್ಲುಜ್ಜು ಎಂದು ಗದರಿದೆ.

ಸಂಸ್ಥೆಯವರು ಫೋಟೋಗಳನ್ನು ಇನ್ನೂ ಒಬ್ಬಿಬ್ಬರಿಗೆ ತೋರಿಸಿದರು. ಅವರೂ ಒಂದೇ ಕೊಳವೆ ಎಂದರು. ನವೆಂಬರಿನ ಮೊದಲ ವಾರ ವಿಮಾನ ಮತ್ತೆ ಶುರುವಾಗುತ್ತದೆ, ಮೊದಲ ಹಾರಾಟದಲ್ಲೇ ಡಾಕ್ಟರುಗಳು ಎಂದು ತೀರ್ಮಾನವಾಯಿತು. ಹೊರಡುವ ಬೆಳಿಗ್ಗೆ ಟ್ಯಾಕ್ಸಿ ಬಂತು. ಗಂಡ ಚೀಲ ಇಡುತ್ತಿದ್ದ. ಪಕ್ಕದ ಬಾಗಿಲು ತೆರೆಯಿತು. ರಾಯರು ಕೋಟು, ಮಂಕಿ ಕ್ಯಾಪು, ಕೈಯಲ್ಲೊಂದು ಪುಟ್ಟ ಸೂಟ್‌ಕೇಸು ಹಿಡಿದು ಬಂದು ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಕೂತರು.

ನಾನು ಮಾತು ಬಿಟ್ಟಿದ್ದೇನೆಂಬುದೇ ಮರೆತುಹೋಯಿತು. "ನೀವೆಲ್ಲಿಗೆ ರಾಯರೇ?"

"ಸಹಿ ಮಾಡೀನಲ್ಲ ತಂಗಿ" ಎಂದರು.

ಗಂಡನಿಗೂ ಆವರೆಗೆ ಗೊತ್ತಿರಲಿಲ್ಲ. ಸಂಸ್ಥೆಯವರನ್ನು ಕಾಡಿ ಬೇಡಿ ಆ ಸಣ್ಣ ವಿಮಾನದಲ್ಲಿ ಒಂದು ಸೀಟು ಗಿಟ್ಟಿಸಿದ್ದರಂತೆ. ಹೋಗಿ, ಇಳಿದು, ಅದೇ ವಿಮಾನದಲ್ಲಿ ವಾಪಸು. ಅಲ್ಲಿ ಅವರಿಗೇನೂ ಕೆಲಸವಿರಲಿಲ್ಲ. ನಾನು ಟ್ಯಾಕ್ಸಿಯ ಕಿಟಕಿ ಹಿಡಿದುಕೊಂಡು ನಿಂತೆ. ಬೈಯಬೇಕೋ ಕಾಲು ಮುಟ್ಟಬೇಕೋ ತಿಳಿಯಲಿಲ್ಲ. ಕೊನೆಗೆ ಬೇಲಿಯಿಂದ ನಾಲ್ಕು ಎಲೆ ಕಿತ್ತು ಅವರ ಕೈಗಿಟ್ಟೆ. ರಾಯರು ಅವನ್ನು ಮಂಕಿ ಕ್ಯಾಪಿನೊಳಗೆ, ಎರಡೂ ಕಿವಿಯ ಹತ್ತಿರ ಸಿಕ್ಕಿಸಿಕೊಂಡರು. ಊರ ಕಡೆ ಬನ್ನಿಯನ್ನು ಹಾಗೆಯೇ ರುಮಾಲಿಗೆ ಸಿಕ್ಕಿಸಿಕೊಳ್ಳುತ್ತಾರಂತೆ.

ಆ ಸಣ್ಣ ವಿಮಾನ ಹಾರಿದ್ದು ಬಾನ್‌ಫೈರ್ ನೈಟಿನ ದಿನ. ಸಂಜೆ ಸೆಲ್ಲಿ ಓಕಿನಲ್ಲಿ ಎಲ್ಲ ಹಿತ್ತಲಲ್ಲೂ ಪಟಾಕಿ ಶುರುವಾಯಿತು. ನಾನು ಫೋನಿನ ಪಕ್ಕ ಕೂತಿದ್ದೆ. ಮಗಳು ನನ್ನ ಮಡಿಲಲ್ಲಿದ್ದಳು. ಒಂದೊಂದು ಸದ್ದಿಗೂ ನನ್ನ ಜೀವ ಹೋಗಿ ಹೋಗಿ ಬರುತ್ತಿತ್ತು. ಯಾವ ಯಾವ ದೇವರಿಗೆ ಏನೇನು ಹರಕೆ ಹೊತ್ತೆನೋ ನೆನಪಿಲ್ಲ. ಫೋನು ಬಡಿದುಕೊಂಡಿತು. ಅವರನ್ನು ಕರೆದೊಯ್ಯಲು ಬಂದಿದ್ದ ಆಸ್ಪತ್ರೆಯವರ ಉಪಗ್ರಹ ಫೋನಿನಿಂದ ಗಂಡನ ದನಿ ಬಾವಿಯೊಳಗಿಂದ ಬಂದಂತೆ ಬರುತ್ತಿತ್ತು. ಹೊರಗೆ ಪಟಾಕಿಯ ಅಬ್ಬರ. ಏನೂ ಕೇಳಿಸದೆ ಇನ್ನೊಂದು ಕಿವಿಯಲ್ಲಿ ಬೆರಳಿಟ್ಟುಕೊಂಡು, ಕಣ್ಣು ಮುಚ್ಚಿ ಕಿರುಚಿದೆ.

"ಜೋರಾಗಿ ಹೇಳೋ! ಇಳಿದ್ರಾ?"

"ಇಳಿದ್ವಿ ಕಣೇ. ಆರಾಮಾಗಿ ಇಳಿದ್ವಿ."

"ರಾಯರು?"

ಅವನು ನಗುತ್ತಿದ್ದ. "ಇಲ್ಲೇ ಇದ್ದಾರೆ. ಇಳಿದು ಅರ್ಧ ಗಂಟೆ ಆಯ್ತು. ವಿಮಾನದಿಂದ ಕೆಳಗೆ ಬಂದಿಲ್ಲ. ಕಣ್ಣು ಮುಚ್ಕೊಂಡು, ಎರಡೂ ಕಿವೀಲಿ ಬೆರಳಿಟ್ಕೊಂಡು ಕೂತಿದ್ದಾರೆ. ನಾವು ಇಳಿದ್ವಿ ಅಂತ ಎಲ್ಲರೂ ಕೂಗ್ತಿದ್ದೀವಿ, ಅವರಿಗೆ ಕೇಳಿಸ್ತಾನೇ ಇಲ್ಲ."